ಮಲ್ಲಿಗೆ ಮೇಲೇರಿದ ಬೆಳಿಗ್ಗೆ

ಆಗೆಲ್ಲ ಶಂಕರಪುರದ ಕಡೆ ಬೇಸಿಗೆ ರಜೆಯೆಂದರೆ ಬೆಳಿಗ್ಗೆ ಎದ್ದು ಮಲ್ಲಿಗೆ ಮೊಗ್ಗು ಕೊಯ್ಯುವುದು. ಆ ದಿನ ನಾನು ನಿಂತದ್ದು ನಮ್ಮ ಹಿತ್ತಿಲಿನಲ್ಲಿ, ಬಾವಿಯಿಂದ ಹತ್ತು ಹೆಜ್ಜೆ ಪಶ್ಚಿಮಕ್ಕೆ, ಗಿಡಗಳ ಮೂರನೆಯ ಸಾಲಿನಲ್ಲಿ. ನಾಲ್ಕನೆಯ ತರಗತಿ ಮುಗಿಸಿದ ವರ್ಷ, ಮೇ ತಿಂಗಳ ಕೊನೆ. ಹತ್ತು ಗಂಟೆ ದಾಟಿತ್ತು, ಹತ್ತೂವರೆ ಆಗಿರಲಿಲ್ಲ. ಹತ್ತೂವರೆಗೆ ಹೂ ಒಯ್ಯಲು ಬರುವ ರಿಕ್ಷಾ ಇನ್ನೂ ಬಂದಿರಲಿಲ್ಲವಾದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತೇನೆ.

ಮಮ್ಮಿ ಉಡುಪಿಗೆ ಹೋಗಿದ್ದರು. ಅಜ್ಜಿ, ನಮಗೆ ವಡ್ಲಿಮಾಯ್, ಗಿಡಗಳ ನಡುವೆ ಮಣೆ ಹಾಕಿ ಕುಳಿತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಐದು ವರ್ಷದ ತಂಗಿ ಲವೀನಾ ಉಪ್ಪು ಹಚ್ಚಿದ ಮಾವಿನಕಾಯಿ ಚೀಪುತ್ತಿದ್ದಳು. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದಿದ್ದ ಯಲ್ಲವ್ವ, ಮಳೆನೀರು ಹರಿದುಹೋಗಲು ಕಣಿ ತೋಡುತ್ತಿದ್ದಳು. ಕಣಿ ನನ್ನ ಎದೆಯಷ್ಟು ಆಳವಾಗಿತ್ತು.

"ಎಂತ ಯಲ್ಲವ್ವ, ಕಣಿ ತೋಡುದಾ ಬಾವಿ ತೋಡುದಾ?" ವಡ್ಲಿಮಾಯ್ ಕೆಣಕಿದರು.

"ನಿಮ್ಮ ಮಳಿನ್ನ ಕೇಳ್ರಿ ಅಮ್ಮಾರ. ಇದರಾಗ ಅರ್ಧ ನೀರು ನಮಗ ಬಂದ್ರ ಹೋಳಿಗಿ ಮಾಡಿ ಉಣ್ತೀವಿ."

ಆಗ ಗಾಳಿ ಪೂರ್ತಿ ನಿಂತಿತು. ಕಾಪುವಿನ ದಿಕ್ಕಿನಲ್ಲಿ, ಗದ್ದೆಯ ಆಚೆ, ಕಪ್ಪು ಮೋಡದಿಂದ ಬೂದುಬಣ್ಣದ ಕಂಬವೊಂದು ನೆಲಕ್ಕಿಳಿದಿತ್ತು. ಅದು ನಡೆಯುತ್ತಿತ್ತು.

"ವಡ್ಲಿಮಾಯ್, ಎಂತ ಅದು?"

"ನನಗೆಂತ ಗೊತ್ತು ಮಾರಾಯ್ತಿ! ಇಷ್ಟು ವರ್ಷದಲ್ಲಿ ನೋಡಿದ್ದೇ ಇಲ್ಲ."

ಯಲ್ಲವ್ವ ನಕ್ಕಳು. "ಸುಂಟರಗಾಳಿ ರೀ. ನಮ್ಮ ಕಡೆ ಬ್ಯಾಸಗ್ಯಾಗ ದಿನಾ ಬರ್ತೈತಿ. ದೆವ್ವ ಕುಣೀತೈತಿ ಅಂತಾರ. ಉಗುಳಿದ್ರ ಓಡಿ ಹೋಗ್ತೈತಿ ನೋಡ್ರಿ." ಅವಳು "ಥೂ" ಎಂದಳು. ನಾನೂ ಲವೀನಾಳೂ ಕುಣಿಕುಣಿದು ಉಗುಳಿದೆವು. ವಡ್ಲಿಮಾಯ್ ಕೂಡ ಶಿಲುಬೆಯ ಗುರುತು ಮಾಡಿ, ಒಮ್ಮೆ ಉಗುಳಿದರು.

ಕಂಬ ಓಡಿಹೋಗಲಿಲ್ಲ. ನೆರೆಮನೆಯ ಕೊಟ್ಟಿಗೆಯ ಹೆಂಚುಗಳೆಲ್ಲ ಒಟ್ಟಿಗೆ, ಕಾಗೆಗಳ ಹಿಂಡಿನಂತೆ ಎದ್ದವು. ಯಲ್ಲವ್ವನ ನಗು ನಿಂತಿತು.

"ಇದು ನಮ್ಮ ಗಾಳಿ ಅಲ್ಲ! ಕಣಿಯಾಗ ಇಳೀರಿ, ಮಲಕೋರಿ!"

ನಮ್ಮಲ್ಲಿ ಗಾಳಿ ಬಂತೆಂದರೆ ಹಿಂದೆಯೇ ಮಳೆ, ಮಳೆ ಬಂತೆಂದರೆ ಮಾಡಿನಡಿಗೆ ಓಟ. ಹುಟ್ಟಿದಂದಿನಿಂದ ಅದನ್ನೇ ಕಲಿತಿದ್ದ ಲವೀನಾ ನಮ್ಮ ಸೌದೆ ಇಡುವ ಹೆಂಚಿನ ಕೊಟ್ಟಿಗೆಗೆ ಓಡಿದಳು. ನಾನೂ ಹಿಂದೆಯೇ ಹೊರಟಿದ್ದೆ. ಯಲ್ಲವ್ವ ನನ್ನ ತೋಳು ಹಿಡಿದು ಕಣಿಗೆ ನೂಕಿದಳು. ವಡ್ಲಿಮಾಯ್ ನನ್ನ ಮೇಲೆಯೇ ಬಿದ್ದರು. "ಮಗು! ಅಯ್ಯೋ, ಮಗು ಕೊಟ್ಟಿಗೆಯಲ್ಲುಂಟು!"

ಯಲ್ಲವ್ವ ಗುದ್ದಲಿ ಬಿಸಾಡಿ ಓಡಿದಳು. ನಾನು ತಲೆಯೆತ್ತಿ ಕಂಡದ್ದನ್ನಷ್ಟೇ ಬರೆಯುತ್ತೇನೆ. ಅವಳು ಕೊಟ್ಟಿಗೆಗೆ ನುಗ್ಗಿದಳು. ಲವೀನಾಳ ಜಡೆ ಹಿಡಿದು ಎಳೆದು, ಕಂಕುಳಲ್ಲಿ ಇರುಕಿಕೊಂಡು ಹೊರಬಂದಳು. ಅವರಿಬ್ಬರೂ ಕಣಿಗೆ ಬೀಳುವುದಕ್ಕೂ ಕೊಟ್ಟಿಗೆಯ ಮಾಡು ಮೇಲೇಳುವುದಕ್ಕೂ ನಡುವೆ ಒಂದು ಉಸಿರಿನಷ್ಟೂ ಹೊತ್ತಿರಲಿಲ್ಲ.

ಹಿಟ್ಟಿನ ಗಿರಣಿಯೊಳಗೆ ತಲೆ ಇಟ್ಟಂತಹ ಸದ್ದು. ಹರಿದ ಎಲೆಯ ಹಸಿ ವಾಸನೆ. ಬುಟ್ಟಿಯಲ್ಲಿದ್ದ ಮೊಗ್ಗು, ಗಿಡದಲ್ಲಿ ಉಳಿದಿದ್ದ ಮೊಗ್ಗು, ಎಲ್ಲವೂ ಆ ಬೂದು ಕಂಬದಲ್ಲಿ ಬಿಳಿಯಾಗಿ ಸುತ್ತುತ್ತ ಸುತ್ತುತ್ತ ಮೇಲೇರುತ್ತಿದ್ದವು. ಹೆದರಿಕೆಯ ನಡುವೆಯೂ "ನೋಡಿ, ನೋಡಿ!" ಎಂದು ಕಿರುಚಿದೆ.

ಎಲ್ಲ ಮುಗಿದ ಮೇಲೆ ಲವೀನಾ ಕೇಳಿದ ಮೊದಲ ಮಾತು: "ಇನ್ನೊಮ್ಮೆ ಬರ್ತದಾ?"

"ಸುಮ್ಮನಿರ್ತೀಯೋ, ಬಾಯಾಗ ಮಣ್ಣು ಹಾಕ್ಲೋ?" ಎಂದ ಯಲ್ಲವ್ವ ಅವಳನ್ನು ಅಪ್ಪಿಕೊಂಡು ಗಳಗಳನೆ ಅತ್ತಳು.

ತಡವಾಗಿ ಬಂದ ರಿಕ್ಷಾದವರು, ಕಾಪು ಸಮುದ್ರದಲ್ಲಿ ಅಂಥವೇ ಎರಡು ಎದ್ದಿದ್ದವು, ನಿಟ್ಟೆಯ ಕಡೆಯೂ ಒಂದು ಮರಗಳನ್ನು ಮುರಿದಿದೆ ಎಂದರು. ಅದು ಅವರು ಹೇಳಿದ್ದು, ನಾನು ಕಂಡದ್ದಲ್ಲ.

ಮಧ್ಯಾಹ್ನ ವಡ್ಲಿಮಾಯ್ ಯಲ್ಲವ್ವನನ್ನು ಒಳಗೆ ಕೂರಿಸಿ ಗಂಜಿ, ಒಣಮೀನಿನ ಚಟ್ನಿ ಬಡಿಸಿದರು. ಮಳೆ ಹಿಡಿದ ವಾರ ಅವಳು ಹೋದಳು. ಮರುವರ್ಷ ಬರಲಿಲ್ಲ.

ಈಗ ಆ ಹಿತ್ತಿಲಿನಲ್ಲಿ ಮಲ್ಲಿಗೆ ಇಲ್ಲ, ಮೊಗ್ಗು ಕೊಯ್ಯುವ ಮಕ್ಕಳೂ ಇಲ್ಲ. ವಡ್ಲಿಮಾಯ್ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅದನ್ನು ಕಂಡವರಲ್ಲಿ ನಾನು ಇದ್ದೇನೆ, ಲವೀನಾ ಇದ್ದಾಳೆ, ಅವಳಿಗೆ ಈಗ ಇಬ್ಬರು ಮಕ್ಕಳು. ಯಲ್ಲವ್ವ ಇದ್ದಾಳೆಯೇ ಎಂದು ಬರೆಯಲಾರೆ. ಹುಡುಕಲು ಹೊರಟಾಗ ತಿಳಿಯಿತು: ಹಾಗೆ ಬಂದವರೆಲ್ಲರನ್ನೂ ನಾವು 'ಘಟ್ಟದ ಮೇಲಿನವರು' ಎಂದಷ್ಟೇ ಕರೆಯುತ್ತಿದ್ದೆವು. ಅವಳ ಊರು ಯಾವುದೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.