ನಡುನೀರಕ್ಕನ ದೋಣಿ

ಮೇಲಿನ ರಾಜ್ಯದ ಎಂಜಿನಿಯರು, ಕೆಳಗಿನ ರಾಜ್ಯದ ಎಂಜಿನಿಯರು ಒಂದೇ ದೋಣಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರುತ್ತಿದ್ದರು. ಮಾತು ಮಾತ್ರ ಇರಲಿಲ್ಲ. ನೀರಿನ ವ್ಯಾಜ್ಯ ಮುಗಿಯುವವರೆಗೆ ಎದುರಿನವರೊಂದಿಗೆ ನೇರ ಮಾತು ಕೂಡದೆಂದು ಎರಡೂ ಸರ್ಕಾರಗಳು ತಾಕೀತು ಮಾಡಿದ್ದವು. ಆದರೆ ವಾರಕ್ಕೊಮ್ಮೆ ನಡುನೀರಿಗೆ ಹೋಗಿ ನದಿಯ ಆಳ, ಸೆಳೆತ ಅಳೆದು ಇಬ್ಬರೂ ಒಪ್ಪಬೇಕೆಂಬ ಹಳೆಯ ಕರಾರನ್ನು ರದ್ದುಮಾಡಲು ಆ ಸರ್ಕಾರಗಳು ಮರೆತಿದ್ದವು.

ಹಾಗಾಗಿ ಮಾತೆಲ್ಲ ದೋಣಿ ನಡೆಸುವವಳ ಮೂಲಕ. ಎರಡೂ ದಡದವರಿಗೆ ಅವಳು ನಡುನೀರಕ್ಕ. ಅಪ್ಪನಿಂದ ಅವಳಿಗೆ ಬಂದ ಆಸ್ತಿಯೆಂದರೆ ಒಂದು ದೋಣಿ ಮತ್ತು ಒಂದು ಬಾಯಿ.

“ಅಕ್ಕಾ, ಆ ಮಹಾನುಭಾವರಿಗೆ ಅಳತೆಕೋಲು ನೆಟ್ಟಗೆ ಹಿಡಿಯೋಕೆ ಹೇಳು,” ಎನ್ನುವರು ಕೆಳಗಿನವರು.

“ಕೈ ನೋಯ್ತಿದ್ರೆ ಸ್ವಲ್ಪ ಸುಧಾರಿಸ್ಕೊಳ್ಳಿ ಅಂತಿದಾರೆ ಸಾರ್.”

“ಕಣ್ಣು ಸೊಟ್ಟಗಿದ್ರೆ ಕೋಲೂ ಸೊಟ್ಟಗೇ ಕಾಣುತ್ತೆ ಅನ್ನು,” ಎನ್ನುವರು ಮೇಲಿನವರು.

“ನಿಮ್ಮ ಕಣ್ಣು ಬಲು ಚುರುಕಂತೆ ಸಾರ್.”

ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಅಕ್ಕನ ಬಾಯಿಂದ ಬಂದದ್ದಕ್ಕೆ ಮಾತ್ರ ತಲೆಯಾಡಿಸುವುದು ಆ ದೋಣಿಯ ರೂಢಿ.

ಒಂದು ಬೇಸಿಗೆಯಲ್ಲಿ ಮೇಲೆ ಅಕಾಲಮಳೆ ಹೊಡೆಯಿತು. ಕೆಳಗೆ, ನದಿ ನಡುವಿನ ಮರಳುದಿಬ್ಬದಲ್ಲಿ ಅಕ್ಕನ ತಂಗಿ ಗುಡಿಸಲು ಹಾಕಿಕೊಂಡು ಮಕ್ಕಳೊಂದಿಗೆ ಕಲ್ಲಂಗಡಿ ಕಾಯುತ್ತಿದ್ದಳು. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರೆ ದಿಬ್ಬವೇ ಇರದು. ತಂಗಿಯೋ, ಅಕ್ಕನ ಮಾತಿಗೆ ಜಗ್ಗುವವಳಲ್ಲ. ಸರ್ಕಾರಿ ಸೈರನ್ ಕೂಗಿದರಷ್ಟೇ ಕದಲುವವಳು.

ಮೇಲಿನವರು ಅಂದು ಕೋಲನ್ನೇ ಮುಟ್ಟಲಿಲ್ಲ.

“ಅಕ್ಕಾ, ನಿನ್ನ ತಂಗಿ ಕಲ್ಲಂಗಡಿ ಕಿತ್ತಾಯ್ತಾ?”

“ಇಲ್ಲ ಸಾರ್, ಇನ್ನೂ ಹಣ್ಣಾಗಿಲ್ಲ.”

“ಕಾಯಿಯಾದ್ರೂ ಪರವಾಗಿಲ್ಲ, ಸಂಜೆ ಒಳಗೆ ಕೀಳೋಕೆ ಹೇಳು.”

ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಿ ಕೆಳಗಿನವರತ್ತ ತಿರುಗಿದಳು. “ಸಾರ್, ಸಂಜೆ ಅಣೆಕಟ್ಟಿನ ಬಾಗಿಲು ತೆಗೀತಾರಂತೆ.”

“ನಾನು ಹಾಗೆ ಹೇಳಲಿಲ್ಲ ಅನ್ನು!” ಮೇಲಿನವರು ಗಾಬರಿಯಾದರು.

“ಹಾಗೆ ಅವರು ಹೇಳಲಿಲ್ಲವಂತೆ ಸಾರ್. ಬೇಗ ಫೋನ್ ಮಾಡಿ.”

ಕೆಳಗಿನವರು ಕಚೇರಿಗೆ ಫೋನ್ ಹಚ್ಚಿದರು. ಯಾರು ಹೇಳಿದ್ದೆಂದು ಆ ಕಡೆಯ ಸಾಹೇಬರು ಗದರಿದ್ದು ಮೂವರಿಗೂ ಕೇಳಿಸಿತು. ಮೇಲಿನವರು ಬಂಡೆಯ ಮೇಲಿನ ನೀರುಕಾಗೆಯನ್ನು, ಜನ್ಮದಲ್ಲೇ ಹಕ್ಕಿ ಕಾಣದವರಂತೆ ನೋಡುತ್ತಿದ್ದರು.

“ಜಂಟಿ ದೋಣಿಯ ವರ್ತಮಾನ ಸಾರ್,” ಎಂದರು ಕೆಳಗಿನವರು.

ಸಾಹೇಬರಿಗೆ ‘ಜಂಟಿ’ ಎಂಬುದಷ್ಟೇ ಸಾಕಾಯಿತು. ಸೈರನ್ ಕೂಗಿತು. ಅರೆಹಣ್ಣುಗಳನ್ನೂ ಮಕ್ಕಳನ್ನೂ ಹೊತ್ತು, ಅಕ್ಕನಿಗೆ ಹಿಡಿಶಾಪ ಹಾಕುತ್ತ ತಂಗಿ ದಡ ಸೇರಿದಳು. ಬೆಳಗಾಗುವಷ್ಟರಲ್ಲಿ ದಿಬ್ಬವಿದ್ದ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು.

ನೆರೆಯ ಬಿಸಿ ತಾಗಿದ ಮೇಲೆ ಎರಡೂ ರಾಜ್ಯಗಳು ಒಪ್ಪಂದಕ್ಕೆ ಬಂದವು: ಬಾಗಿಲು ತೆಗೆಯುವ ಮುಂಚೆ ಸುದ್ದಿ ಕೊಡತಕ್ಕದ್ದು, ಎಂಜಿನಿಯರುಗಳು ನೇರವಾಗಿ ಮಾತಾಡಬಹುದು.

ಮರುವರ್ಷ ತಂಗಿ ದೋಣಿಗೊಂದು ಕಲ್ಲಂಗಡಿ ಕಳಿಸಿದಳು. ಮೇಲಿನವರು ಕೊಯ್ದರು. ಕೆಳಗಿನವರು ತಮ್ಮ ಪಾಲಿನ ಹೋಳನ್ನು ಎತ್ತಿ ಹಿಡಿದು ನೋಡಿದರು.

“ಅಕ್ಕಾ, ದೊಡ್ಡದನ್ನ ಅವರೇ ಇಟ್ಕೊಂಡ್ರು ಅಂತ ಹೇಳು.”

“ಈಗ ನೀವೇ ಹೇಳಬಹುದಲ್ಲ ಸಾರ್?”

“ನಾನು ಹೇಳಿದ್ರೆ ಜಗಳ ಆಗುತ್ತೆ.”

ಅಕ್ಕ ಮೇಲಿನವರತ್ತ ತಿರುಗಿದಳು. “ಹಣ್ಣು ಬಹಳ ಸಿಹಿಯಾಗಿದೆಯಂತೆ ಸಾರ್. ನಿಮ್ಮದರಲ್ಲೂ ಸ್ವಲ್ಪ ರುಚಿ ನೋಡ್ತಾರಂತೆ.”