ಬೆಳಗಿನ ಒಲೆ ಹೊತ್ತದ ಬೀದಿ

ಸುಲೋಚನಾ ಪಾವಗಡದವಳು. ಆ ಊರಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಹಾಗಾಗಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಗಂಡ ದಿನಕರನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಭಾಷೆಯ ಬಗ್ಗೆ ಅವಳಿಗೆ ಹೆದರಿಕೆಯೇನೂ ಇರಲಿಲ್ಲ. ಬಂದರಿನ ಹತ್ತಿರ, ಪ್ರಾಥಮಿಕ ತರಗತಿಗಳೂ ಇದ್ದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರಾಗಿ ಸೇರಿ ಮೊದಲ ಪಾಠಕ್ಕೆ ಬಾಯಿ ತೆರೆದದ್ದೇ ತಡ, ಇಡೀ ತರಗತಿ ಗೊಳ್ಳೆಂದು ನಕ್ಕಿತು.

"ಟೀಚರ್, ನಿಮ್ಮ ತೆಲುಗು ಬಂಡೆ ಮೇಲೆ ಗಾಡಿ ಓಡಿಸಿದ ಹಾಗಿದೆ," ಎಂದ ಒಬ್ಬ ಹುಡುಗ.

"ನಮ್ಮೂರಲ್ಲಿ ಇರೋದೇ ಬಂಡೆ ಕಣಪ್ಪಾ. ನಿಮ್ಮ ಹಾಗೆ ಸಮುದ್ರ ಎಲ್ಲಿಂದ ತರಲಿ?" ಎಂದು ಅವಳೂ ನಕ್ಕು ಪಾಠ ಮುಂದುವರಿಸಿದಳು. ಅಲ್ಲಿಂದಾಚೆಗೆ ಆ ಮಕ್ಕಳು ಅವಳವರಾದರು.

ನಾಲ್ಕು ವರ್ಷ ಹೀಗೇ ಕಳೆಯಿತು. ಮಗಳು ಶುಭಾ ಅಮ್ಮನ ಜೊತೆ ಕನ್ನಡದಲ್ಲಿ ಶುರುಮಾಡಿದ ಜಗಳವನ್ನು ತೆಲುಗಿನಲ್ಲಿ ಮುಗಿಸುವಷ್ಟು ದೊಡ್ಡವಳಾದಳು. ಎಂಬತ್ತೊಂಬತ್ತರ ಮಳೆಗಾಲದಲ್ಲಿ ಶಾಲೆಗೊಂದು ಸುತ್ತೋಲೆ ಬಂತು. ಜನವರಿಯಲ್ಲಿ ವಿಜಯವಾಡದಲ್ಲಿ ಪ್ರೌಢಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನ. ವಿಷಯ, 'ಜಗತ್ತಿನ ಹಸಿವು ಮತ್ತು ಪರಿಹಾರ'.

ಹೆಡ್‌ಮಾಸ್ಟರು ಸತ್ಯಮೂರ್ತಿಗಾರು ಕೆಟ್ಟವರಲ್ಲ. ಗೋಜಲು ಬೇಡವೆನ್ನುವ ಮನುಷ್ಯ. "ಹೋದ ವರ್ಷದ ಥರ್ಮೋಕೋಲ್ ಅಣೆಕಟ್ಟು ಸ್ಟೋರ್ ರೂಮಿನಲ್ಲೇ ಇದೆ ಸುಲೋಚನಮ್ಮಗಾರೂ. ಪಕ್ಕದಲ್ಲಿ ಎರಡು ಗದ್ದೆ ಹಚ್ಚಿ, ಹಸಿರು ಬಣ್ಣ ಬಳಿಸಿ. ಆಯಿತಲ್ಲ?" ಎಂದರು.

ಸುಲೋಚನಾ ತಲೆಯಾಡಿಸಿ ಬಂದಳು. ಆದರೆ ಒಂಬತ್ತನೇ ತರಗತಿಗೆ ಕಾಲಿಟ್ಟ ಮೇಲೆ ಅಣೆಕಟ್ಟಿನ ಮಾತು ಅವಳ ಬಾಯಿಂದ ಹೊರಡಲಿಲ್ಲ. "ಜಗತ್ತಿನಲ್ಲಿ ಜನ ಯಾಕೆ ಹಸಿದಿರ್ತಾರೆ?" ಎಂದು ಕೇಳಿದಳು.

"ಬೆಳೆ ಕಡಿಮೆ ಟೀಚರ್," ಎಂದಿತು ಮುಂದಿನ ಬೆಂಚು. "ಜನ ಜಾಸ್ತಿ," ಎಂದಿತು ಹಿಂದಿನದು. ಸೂರ್ಯಪ್ರಕಾಶ ಎಂಬ ಹುಡುಗ ಎದ್ದು ನಿಂತ. ಅವನ ತಂದೆಗೆ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ. "ನಮ್ಮಪ್ಪ ಹಡಗುಗಟ್ಟಲೆ ಧಾನ್ಯ ನೋಡ್ತಾರೆ ಟೀಚರ್. ಅಷ್ಟೆಲ್ಲ ಇದ್ದೂ ಯಾಕೆ ಹಸಿವು?"

ಸುಲೋಚನಾಳಿಗೆ ಹೇಳಲು ಪಠ್ಯಪುಸ್ತಕದ ಮಾತು ಇತ್ತು. ಆದರೆ ಅದು ಹುಡುಗನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. "ನನಗೆ ಗೊತ್ತಿಲ್ಲ. ಹುಡುಕೋಣ," ಎಂದಳು.

ಎಲ್ಲಿಂದ ಹುಡುಕುವುದು? ಗೋಡೆಯ ಭೂಪಟದಲ್ಲಿ ಮಕ್ಕಳು ದೂರದ ದೇಶಗಳಿಗೆ ಬೆರಳಿಟ್ಟರು. ಆಗ ದುರ್ಗಾಂಬ ಬಾಯಿ ಬಿಟ್ಟಳು. ಮೀನುಗಾರರ ಕೇರಿಯ ಹುಡುಗಿ, ಕೇಳದೆ ಒಂದು ಮಾತೂ ಆಡದವಳು. "ನಮ್ಮ ಬೀದಿ ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಬರ್ತಾರೆ ಟೀಚರ್. ಪ್ರಾರ್ಥನೆಗೆ ನಿಂತಾಗ ಬೀಳ್ತಾರಲ್ಲ ಚಿಕ್ಕವರು, ಅವರು ನಮ್ಮವರೇ." ಎಲ್ಲರೂ ಅವಳ ಕಡೆ ತಿರುಗಿದ್ದೇ ತಲೆ ತಗ್ಗಿಸಿಬಿಟ್ಟಳು. ಆದರೆ ಮಾತು ಹೊರಬಿದ್ದಾಗಿತ್ತು.

ಮಕ್ಕಳು ಗುಂಪು ಮಾಡಿಕೊಂಡು ಕೇರಿಗೆ ಹೋದರು. ಕಾಳಿಲ್ಲದ ಮನೆಗಳನ್ನು ನೋಡುತ್ತೇವೆಂದುಕೊಂಡಿದ್ದವರಿಗೆ ಆಶ್ಚರ್ಯ ಕಾದಿತ್ತು. ಹೆಚ್ಚಿನ ಮನೆಗಳ ಡಬ್ಬಿಯಲ್ಲಿ ರೇಷನ್ ಅಕ್ಕಿ ಇತ್ತು. ಇಲ್ಲದ್ದು ಅದನ್ನು ಬೇಯಿಸುವ ಕೈ. ಗಂಡಸರು ಕತ್ತಲಲ್ಲೇ ಕಡಲಿಗಿಳಿಯುವಾಗ ರಾತ್ರಿಯ ತಂಗಳನ್ನ ಅವರ ಬುತ್ತಿಗೆ ಹೋಗುತ್ತಿತ್ತು. ಹೆಂಗಸರು ಬೆಳಕು ಹರಿಯುವ ಮುಂಚೆ ಹಾರ್ಬರಿನ ಹರಾಜಿಗೆ ಓಡಿ, ಮೀನು ಕೊಂಡು, ಬುಟ್ಟಿ ಹೊತ್ತು ಪೇಟೆ ಸುತ್ತಿ ಮನೆ ಸೇರುವಾಗ ಮಧ್ಯಾಹ್ನ. ಅಲ್ಲಿಯ ತನಕ ಒಲೆ ತಣ್ಣಗೆ. ಪುಟ್ಟ ಮಕ್ಕಳು ಒಂದು ಲೋಟ ಟೀ ಕುಡಿದು ಶಾಲೆಗೆ ಬರುತ್ತಿದ್ದರು, ಕೆಲವರು ಅದೂ ಇಲ್ಲದೆ.

"ಹಾಗಾದ್ರೆ ಹೆಚ್ಚು ಬೆಳೆಯೋದು ಹೇಗೆ ಅನ್ನೋದು ನಮ್ಮ ಪ್ರಶ್ನೆ ಅಲ್ಲ ಟೀಚರ್," ಎಂದ ಸೂರ್ಯಪ್ರಕಾಶ. "ಒಲೆ ಹಚ್ಚದೆ ಏನು ತಿನ್ನಬಹುದು ಅನ್ನೋದು."

ಆ ಸಂಜೆ ಮನೆಗೆ ನಡೆದು ಬರುವಾಗ ಸುಲೋಚನಾಳಿಗೆ ತವರಿನ ಹುರಿಹಿಟ್ಟು ನೆನಪಾಯಿತು. ರಾಗಿಗೆ ನೀರು ಚಿಮುಕಿಸಿಟ್ಟು, ಕಾದ ಮರಳಿನಲ್ಲಿ ಅರಳಿಸಿ, ಹುರಿಗಡಲೆ ಸೇರಿಸಿ ಬೀಸಿದ ಹಿಟ್ಟು. ಬೇಯಿಸುವ ಗೋಜಿಲ್ಲ, ಬೆಲ್ಲ, ನೀರು ಹಾಕಿ ಕಲಸಿದರೆ ಐದು ವರ್ಷದ ಕೂಸೂ ತಾನೇ ತಿನ್ನಬಹುದು. ವಿಶಾಖಪಟ್ಟಣದ ಸುತ್ತ ರಾಗಿಗೇನೂ ಬರವಿರಲಿಲ್ಲ. ಅಲ್ಲಿ ಅದನ್ನು ಚೋಡಿ ಎನ್ನುತ್ತಾರೆ. ಅಗ್ಗದ ಅಕ್ಕಿ ಬಂದ ಮೇಲೆ ಪೇಟೆಯವರು ಅದನ್ನು ಮರೆತಿದ್ದರು, ಅಷ್ಟೆ.

ಮಕ್ಕಳು ಶನಿವಾರಗಳಂದು ಶಾಲೆಯ ಹಿಂದಿನ ಶೆಡ್ಡಿನಲ್ಲಿ ರಾಗಿ ಅರಳಿಸಿದರು. ಮೊದಲ ಸಲ ಸೀದು ಕರಿಯಾಯಿತು, ಎರಡನೇ ಸಲ ಹಲ್ಲಿಗೆ ಮರಳು ಸಿಕ್ಕಿತು. ಕಡೆಗೊಮ್ಮೆ ಘಮ್ಮೆನ್ನುವ ಹಿಟ್ಟು ಬಂದಾಗ ಶೆಡ್ಡೇ ಕುಣಿಯಿತು. ಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ, ಡಬ್ಬಿಗಳಲ್ಲಿ ತುಂಬಿ ಕೇರಿಯ ಮನೆಗಳಿಗೆ ಹಂಚಿದರು. ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಬೀಳುವುದು ಕಡಿಮೆಯಾಯಿತು. ಸುಲೋಚನಾ ಒಳಗೊಳಗೇ ಹಿಗ್ಗಿದಳು.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಒಂದು ಸೋಮವಾರ ಕೇರಿಯ ಹಲವು ಮಕ್ಕಳು ಹೊಟ್ಟೆ ಹಿಡಿದುಕೊಂಡು ಮಲಗಿದರು, ವಾಂತಿಯೂ ಆಯಿತು. ಡಾಕ್ಟರು ಔಷಧಿ ಕೊಟ್ಟು, ಗಾಬರಿ ಬೇಡ, ಎಲ್ಲರೂ ಸುಧಾರಿಸುತ್ತಾರೆ ಎಂದರು. ಸುಧಾರಿಸಿದರು ಕೂಡ. ಆದರೆ ಮರುದಿನ ಶಾಲೆಯ ಅಂಗಳದಲ್ಲಿ ತಾಯಂದಿರು ಬುಟ್ಟಿ ಸಮೇತ ಬಂದು ನಿಂತಿದ್ದರು. ಎಲ್ಲರಿಗಿಂತ ಮುಂದೆ ದುರ್ಗಾಂಬಳ ತಾಯಿ ಕೋಟೇಶ್ವರಮ್ಮ.

"ನಿಮ್ಮ ಪರೀಕ್ಷೆಗೆ ನಮ್ಮ ಮಕ್ಕಳ ಹೊಟ್ಟೆನೇ ಬೇಕಿತ್ತಾ ಟೀಚರಮ್ಮಾ? ನಿಮ್ಮ ಮಗೂಗೆ ಮೊದಲು ತಿನ್ನಿಸಿದ್ರಾ?"

ತಿನ್ನಿಸಿದ್ದೆ ಎನ್ನಬಹುದಿತ್ತು, ಶುಭಾ ದಿನವೂ ತಿನ್ನುತ್ತಿದ್ದಳು. ಆದರೆ ಅದು ಮನೆಯಲ್ಲಿ ಅಂದಂದೇ ಮಾಡಿದ ತಾಜಾ ಹಿಟ್ಟು. "ತಪ್ಪಾಗಿದೆ. ಎಲ್ಲಿ ಅಂತ ನನಗಿನ್ನೂ ಗೊತ್ತಿಲ್ಲ. ಕಂಡುಹಿಡಿದು ನಾನೇ ನಿಮ್ಮ ಮನೆ ಬಾಗಿಲಿಗೆ ಬಂದು ಹೇಳ್ತೀನಿ," ಎಂದಳು. ಕೋಟೇಶ್ವರಮ್ಮ ಬುಟ್ಟಿ ಎತ್ತಿಕೊಂಡು ಹೊರಟಳು. ಅಮ್ಮನ ಹಿಂದೆ ಹೋಗಬೇಕೋ, ಟೀಚರ ಪಕ್ಕ ನಿಲ್ಲಬೇಕೋ ತಿಳಿಯದೆ ದುರ್ಗಾಂಬ ಅಂಗಳದ ನಡುವೆ ಅಳುತ್ತಾ ನಿಂತಳು.

ಹೆಡ್‌ಮಾಸ್ಟರು ಶೆಡ್ಡಿಗೆ ಬೀಗ ಹಾಕಿಸಿದರು. ಅದೇ ವಾರ ದಿನಕರನಿಗೆ ವಿಜಯವಾಡಕ್ಕೆ ವರ್ಗದ ಆರ್ಡರು ಬಂತು.

"ದೇವರೇ ದಾರಿ ತೋರಿಸಿದ ಹಾಗಾಯ್ತು," ಎಂದ ದಿನಕರ, ಊಟಕ್ಕೆ ಕೂತಾಗ. "ರಾಜೀನಾಮೆ ಕೊಟ್ಬಿಡು. ಮೂವರೂ ಒಟ್ಟಿಗೆ ಹೊರಡೋಣ. ಇಲ್ಲಿ ಬೈಸಿಕೊಂಡಿದ್ದು ಸಾಲ್ದಾ?"

"ಬೈಸಿಕೊಂಡಿದ್ದಕ್ಕೇ ರೀ ಈಗ ಹೊರಡೋಕಾಗಲ್ಲ," ಎಂದಳು ಸುಲೋಚನಾ. "ಈಗ ಹೋದ್ರೆ ಆ ಮಕ್ಕಳು ಏನು ಕಲಿತ ಹಾಗಾಯ್ತು? ಕೆಲಸ ಕೆಟ್ರೆ ಟೀಚರು ಊರು ಬಿಡ್ತಾರೆ ಅಂತಲಾ?"

"ಶುಭಾ?"

"ನನ್ನ ಜೊತೆ ಇರ್ತಾಳೆ. ಪರೀಕ್ಷೆ ಮುಗಿದ ಮೇಲೆ ಬರ್ತೀವಿ. ನೀವು ಶನಿವಾರದ ರೈಲು ಹತ್ತಿ ಬನ್ನಿ."

ದಿನಕರ ಅನ್ನ ಕಲಸಿದ. ಹೆಂಡತಿ ದನಿ ಏರಿಸದೆ ಹೇಳಿದ ಮಾತು ಬದಲಾಗುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು. "ಉಪ್ಪಿನಕಾಯಿ ಒಂದಿಷ್ಟು ಕಟ್ಟಿಕೊಡು ಹಾಗಾದ್ರೆ," ಎಂದ.

ಮರುದಿನ ಸುಲೋಚನಾ ಹೆಡ್‌ಮಾಸ್ಟರ ಮುಂದೆ ಕೂತಳು. "ಯಾರಿಗೂ ಒಂದು ಚಮಚ ಹಿಟ್ಟು ಕೊಡೋದಿಲ್ಲ ಸಾರ್. ಯಾಕೆ ಕೆಟ್ಟಿತು ಅಂತ ನೋಡೋದಕ್ಕೆ ಮಾತ್ರ ಬೀಗ ತೆಗೆಸಿ. ವಿಜ್ಞಾನದ ಪಾಠ ಅಂದ್ರೆ ಇದೇ ಅಲ್ವಾ?"

ಸತ್ಯಮೂರ್ತಿಗಾರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಬಿಟ್ಟುಬಿಡ್ತಿದ್ದೆ," ಎನ್ನುತ್ತಾ ಬೀಗದ ಕೈ ಮೇಜಿನ ಮೇಲಿಟ್ಟರು.

ಮಕ್ಕಳು ಹೊಸದಾಗಿ ಹಿಟ್ಟು ಮಾಡಿ ಡಬ್ಬಿಗಳಲ್ಲಿ ತುಂಬಿದರು. ಒಂದರಲ್ಲಿ ಬಿಸಿ ಹಿಟ್ಟು, ಒಂದರಲ್ಲಿ ಆರಿಸಿದ್ದು. ಒಂದಕ್ಕೆ ಬೆಲ್ಲ ಸೇರಿಸಿದ್ದು, ಇನ್ನೊಂದಕ್ಕೆ ಸೇರಿಸದ್ದು. ಪ್ರತಿ ಡಬ್ಬಿಗೂ ಚೀಟಿ ಅಂಟಿಸಿ, ದಿನವೂ ಮುಚ್ಚಳ ತೆಗೆದು ಮೂಸಿ, ಭೂತಗನ್ನಡಿ ಹಿಡಿದು ನೋಡಿದರು. ದುರ್ಗಾಂಬ ಮನೆಯಲ್ಲಿ ಬೈಗುಳ ತಿಂದರೂ ಒಂದು ದಿನವೂ ತಪ್ಪಿಸಲಿಲ್ಲ. ಬೆಲ್ಲ ಬೆರೆಸಿದ ಡಬ್ಬಿಯಲ್ಲಿ ಹಿಟ್ಟು ಮೊದಲು ಗಂಟುಗಟ್ಟಿತು, ಆಮೇಲೆ ಬೂಷ್ಟು ಹಿಡಿಯಿತು. ಬಿಸಿಬಿಸಿಯಾಗಿ ಮುಚ್ಚಿದ್ದು ಒಳಗೇ ಬೆವತು ಅದರ ಹಿಂದೆಯೇ ಕೆಟ್ಟಿತು. ಚೆನ್ನಾಗಿ ಆರಿಸಿ, ಬೆಲ್ಲವಿಲ್ಲದೆ ತುಂಬಿದ್ದು ಪುಡಿಪುಡಿಯಾಗಿ ಉಳಿಯಿತು. ಪಾವಗಡದ ಒಣಗಾಳಿಯಲ್ಲಿ ನಡೆಯುತ್ತಿದ್ದದ್ದು ಕಡಲತೀರದ ತೇವದಲ್ಲಿ ನಡೆದಿರಲಿಲ್ಲ. ಅದನ್ನು ಯೋಚಿಸಬೇಕಿದ್ದವಳು ತಾನು ಎಂದು ಸುಲೋಚನಾ ಮಕ್ಕಳೆದುರೇ ಹೇಳಿದಳು.

ಕೊಟ್ಟ ಮಾತಿನಂತೆ ಮಕ್ಕಳ ಜೊತೆ ಕೇರಿಗೆ ಹೋದಳು. ಕೋಟೇಶ್ವರಮ್ಮ ಹೊಸ್ತಿಲಲ್ಲೇ ಕೂತು ಕೇಳಿದಳು. ಕೆಟ್ಟ ಡಬ್ಬಿ, ಕೆಡದ ಡಬ್ಬಿ ಎರಡನ್ನೂ ಮುಂದಿಟ್ಟು ದುರ್ಗಾಂಬಳೇ ಎಲ್ಲ ವಿವರಿಸಿದಳು. ಮನೆಯಲ್ಲಿ ಮಾತಾಡದ ಹುಡುಗಿ ಹೀಗೆ ಗಟ್ಟಿಯಾಗಿ, ತಡವರಿಸದೆ ಮಾತಾಡುವುದನ್ನು ತಾಯಿ ನೋಡುತ್ತಲೇ ಇದ್ದಳು.

"ಸರಿ," ಎಂದಳು ಕೊನೆಗೆ. "ಆದರೆ ಇನ್ನು ಮೇಲೆ ಹಿಟ್ಟು ಶಾಲೆಯಿಂದ ಬರೋದು ಬೇಡ. ಇಲ್ಲೇ ಮಾಡಿ, ನಮ್ಮ ಕಣ್ಣೆದುರಿಗೆ. ನಾವೂ ಕೈ ಹಾಕ್ತೀವಿ. ಕೆಟ್ರೆ ಯಾಕೆ ಕೆಟ್ಟಿತು ಅಂತ ನಮಗೂ ಗೊತ್ತಿರಲಿ."

ಹಾಗೆಯೇ ಆಯಿತು. ಭಾನುವಾರದ ಮಧ್ಯಾಹ್ನಗಳಲ್ಲಿ ಕೇರಿಯ ನಡುವೆ ಬಾಣಲೆ ಏರಿತು. ಹಿಟ್ಟು ಒಂದು ಡಬ್ಬಿಯಲ್ಲಿ, ಬೆಲ್ಲದ ಉಂಡೆ ಇನ್ನೊಂದರಲ್ಲಿ. ಬೆಳಿಗ್ಗೆ ಅಕ್ಕಂದಿರೋ ಅಣ್ಣಂದಿರೋ ಕಲಸಿ ಪುಟ್ಟವರ ಮುಂದಿಡುತ್ತಿದ್ದರು.

ಜನವರಿಯಲ್ಲಿ ಸುಲೋಚನಾ, ದುರ್ಗಾಂಬ ಮತ್ತು ಸೂರ್ಯಪ್ರಕಾಶರ ಜೊತೆ ಶುಭಾಳನ್ನೂ ಕರೆದುಕೊಂಡು ವಿಜಯವಾಡದ ರೈಲು ಹತ್ತಿದಳು. ನಿಲ್ದಾಣದಲ್ಲಿ ದಿನಕರ ಕಾಯುತ್ತಿದ್ದ. ಪ್ರದರ್ಶನದ ಸಭಾಂಗಣದಲ್ಲಿ ಎಲ್ಲಿ ನೋಡಿದರೂ ತಿರುಗುವ ಚಕ್ರ, ಮಿನುಗುವ ಬಲ್ಬು, ನೀರು ಹಾಯುವ ಕಾಲುವೆ. ಇವರ ಮೇಜಿನ ಮೇಲೆ ನಾಲ್ಕು ಡಬ್ಬಿ, ಒಂದು ತಟ್ಟೆ.

ತೀರ್ಪುಗಾರರು ಬಂದು ನಿಂತರು. "ಮಾಡೆಲ್ ಎಲ್ಲಿ? ವಿಷಯ ಜಗತ್ತಿನ ಹಸಿವು. ನೀವು ಒಂದು ಬೀದಿಯ ಕತೆ ಹೇಳ್ತಿದ್ದೀರಲ್ಲ?"

ಸೂರ್ಯಪ್ರಕಾಶ ಟೀಚರ ಮುಖ ನೋಡಿದ. ಉತ್ತರ ಕೊಟ್ಟವಳು ದುರ್ಗಾಂಬ. "ಬೇರೆ ದೇಶಗಳಲ್ಲಿ ಹಸಿದವರ ಮನೆಗೆ ಹೋಗಿ ಕೇಳೋಕೆ ನಮಗೆ ಆಗಲಿಲ್ಲ ಸಾರ್. ನಮ್ಮ ಬೀದಿಯಲ್ಲೇ ನಾವು ಅಂದುಕೊಂಡಿದ್ದು ಎರಡು ಸಲ ತಪ್ಪಾಯ್ತು. ಕೇಳದೆ ಇದ್ದಿದ್ರೆ ಅಣೆಕಟ್ಟು ಮಾಡಿ ತರ್ತಿದ್ವಿ."

ತೀರ್ಪುಗಾರರಲ್ಲಿ ಒಬ್ಬರು ನಕ್ಕರು, ಒಬ್ಬರು ಹುಬ್ಬು ಗಂಟಿಕ್ಕಿದರು. ಮೊದಲ ಬಹುಮಾನ ತಿರುಗುವ ಚಕ್ರಕ್ಕೆ ಹೋಯಿತು. ಇವರಿಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ತಟ್ಟೆ. ಸಂಜೆ ದಿನಕರ ಎಲ್ಲರನ್ನೂ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಹತ್ತಿಸಿದ. ಅಮ್ಮನವರ ದರ್ಶನ ಮುಗಿಸಿ ಮೆಟ್ಟಿಲ ಮೇಲೆ ಕೂತಾಗ ಕೆಳಗೆ ಕೃಷ್ಣೆ ಬ್ಯಾರೇಜಿನ ತನಕ ಹರಡಿಕೊಂಡಿದ್ದಳು. ಅಷ್ಟು ಅಗಲದ ನದಿಯನ್ನು ಸೂರ್ಯಪ್ರಕಾಶ ಹಿಂದೆಂದೂ ಕಂಡಿರಲಿಲ್ಲ. ಬಹುಮಾನದ ಮಾತು ಯಾರೂ ಎತ್ತಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸುಲೋಚನಾ ಮನೆ ಖಾಲಿ ಮಾಡಿದಳು. ಕೇರಿಯ ಕೆಲಸ ನಿಲ್ಲಲಿಲ್ಲ, ಆದರೆ ಎಲ್ಲ ಮನೆಗಳಲ್ಲೂ ನಡೆಯಲಿಲ್ಲ. ಕೆಲವರಿಗೆ ಬೇಸರ ಬಂತು. ಕೆಲವರು ಮಕ್ಕಳಿಗೆ ಬನ್ನು ಸಾಕೆಂದರು. ಕೋಟೇಶ್ವರಮ್ಮನ ಸಾಲಿನ ಮನೆಗಳು ಮಾತ್ರ ಬಿಡಲಿಲ್ಲ. ದುರ್ಗಾಂಬ ಮರುವರ್ಷ ಹತ್ತನೇ ತರಗತಿ ಪಾಸಾಗಿ ಗೃಹವಿಜ್ಞಾನ ಓದಲು ಕಾಲೇಜು ಸೇರಿದಳು.

ವಿಜಯವಾಡದಲ್ಲಿ ಸುಲೋಚನಾಳಿಗೆ ಕೊಂಡಪಲ್ಲಿಯ ಕಡೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೊಂಬೆ ಕೆತ್ತುವವರ ಮಕ್ಕಳು, ಕಾರ್ಖಾನೆಗೆ ದಿನಗೂಲಿಗೆ ಹೋಗುವವರ ಮಕ್ಕಳು ಅಲ್ಲಿ ಓದುತ್ತಿದ್ದರು. ಹುರಿಹಿಟ್ಟಿನ ಕತೆ ಕೇಳಿದ್ದ ಅಲ್ಲಿಯ ಹೆಡ್‌ಮಾಸ್ಟರು, "ಇಲ್ಲೂ ಅದನ್ನೇ ಶುರುಮಾಡಿ ಅಮ್ಮಾ," ಎಂದರು.

"ಇಲ್ಲಿಯವರಿಗೆ ಅದು ಬೇಕೋ ಬೇಡವೋ ನನಗೆ ಗೊತ್ತಿಲ್ಲ ಸಾರ್. ಮೊದಲು ಮಕ್ಕಳು ಕೇಳಿಕೊಂಡು ಬರಲಿ," ಎಂದಳು.

ಜೂನ್ ತಿಂಗಳ ಉರಿಬಿಸಿಲು. ಒಂಬತ್ತನೇ ತರಗತಿಯ ಹುಡುಗ ಹುಡುಗಿಯರು ತಲೆಗೆ ಟವೆಲ್ಲು, ದುಪಟ್ಟಾ ಸುತ್ತಿಕೊಂಡು ಗುಂಪಾಗಿ ಹೊರಟರು. ಕೊಡೆ ಬಿಚ್ಚಿ ಸುಲೋಚನಾ ಅವರ ಜೊತೆ ಹೆಜ್ಜೆ ಹಾಕಿದಳು.