ಕೇಳುವುದಕ್ಕೂ ಅಪ್ಪಣೆ

ಎದುರುಮನೆಯ ಅಕ್ಕನ ಬಲಗಿವಿ ಯಾವಾಗಲೂ ಕೆಂಪಗೆ ಕಂದಿರುತ್ತಿತ್ತು. ಅಮೆರಿಕದ ಜೈಲಿನಿಂದ ತಮ್ಮ ಫೋನು ಮಾಡಿದಾಗ ಒಂದು ಮಾತೂ ತಪ್ಪಬಾರದೆಂದು ಅಷ್ಟು ಬಿಗಿಯಾಗಿ ಅದನ್ನು ಕಿವಿಗೊತ್ತಿ ಹಿಡಿಯುತ್ತಿದ್ದರು. ನಾವು ತಿರುಗಿ ಮಾಡುವಂತಿಲ್ಲ, ಅವನೇ ಮಾಡಬೇಕು. ನಡುವೆ ಲೈನು ಕತ್ತರಿಸಿದರೆ ಹಾಲೆಂಡಿನ ಜೂಟರ್‌ಮೀರ್ ಊರಿನ ನಮ್ಮ ಇಡೀ ಮಹಡಿಗೆ ಕೇಳುವಂತೆ ಧಾರವಾಡದ ಬೈಗುಳ: "ಇವರ ಹೆಣಾ ಎತ್ತಲಿ!"

ಕೊಲೆ ಕೇಸು. ಕಣ್ಣಾರೆ ಕಂಡೆನೆಂದು ಸಾಕ್ಷಿ ನುಡಿದವನೇ ವರ್ಷಗಳಾದ ಮೇಲೆ, ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡ. ಅದನ್ನು ಹಿಡಿದು ಫೆಡರಲ್ ಕೋರ್ಟಿಗೆ ಹೋದರೆ, ವಕೀಲ ಗಡುವು ಮೀರಿದ್ದಾನೆಂದು ಅರ್ಜಿಯೇ ವಜಾ. ಅದರ ಮೇಲೆ ಅಪೀಲು ಹೋಗಲೂ ಮೊದಲು ಅಪ್ಪಣೆ ಬೇಡಬೇಕಂತೆ! ತಪ್ಪು ವಕೀಲನದು, ಕೊಳೆಯುವವನು ಇವನು. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಮ್ಮ ಕನ್ನಡದವರೇನು ಕಡಿಮೆಯೇ? "ತಮ್ಮ ಅಮೆರಿಕದಲ್ಲಿದ್ದಾನೆ ಅಂತಷ್ಟೇ ಹೇಳಿ, ಸಾಕು" ಎಂದು ಬುದ್ಧಿ ಹೇಳಿದವರಿದ್ದರು. ಅಕ್ಕ ಕೇಳಿದವರಿಗೂ ಕೇಳದವರಿಗೂ "ಜೈಲಿನಾಗ ಅದಾನ" ಎಂದೇ ಹೇಳುತ್ತಿದ್ದರು. ಒಮ್ಮೆ ದೀಪಾವಳಿ ಊಟದಲ್ಲಿ ಬೆಂಗಳೂರಿನ ಎಂಜಿನಿಯರೊಬ್ಬರು, "ಫೆಡರಲ್ ಕೋರ್ಟೇ ರಿಜೆಕ್ಟ್ ಮಾಡಿದೆ ಅಂದ್ರೆ ಏನೋ ಇರ್ಲೇಬೇಕಲ್ವಾ ಮೇಡಂ? ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದರು.

ಬಡಿಸುತ್ತಿದ್ದ ಅಕ್ಕ ಸೌಟು ಕುಕ್ಕಿದರು. "ಒಳಗ ಏನೈತಿ ಅಂತ ಯಾರೂ ನೋಡೇ ಇಲ್ರೀ! ತಡಾ ಆತು ಅಂತ ಬಾಗಲಾ ಹಾಕ್ಯಾರ. ನಿಮ್ಮ ತಮ್ಮ ಆಗಿದ್ರ ಹಿಂಗ ಹೋಳಿಗಿ ತಿನ್ಕೋತ ಕುಂದರ್ತಿದ್ರೇನು?"

ಅಕ್ಕ ಸೌಟೆತ್ತಿಕೊಂಡು ಮತ್ತೆ ಬಡಿಸಿದರು, ಆ ಎಂಜಿನಿಯರಿಗೂ.

ಅಪ್ಪಣೆಯ ಅರ್ಜಿ ಕೋರ್ಟಿನಲ್ಲಿ ಕೂತಿರುವಾಗಲೇ ಅಕ್ಕನಿಗೆ ಕ್ಯಾನ್ಸರು ಬಂತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದರು: "ನೋಡವಾ, ತವರಿನ ಸೀರಿ ಅಂತ ಯಾರರೆ ಏನರೆ ತಂದು ನನಗ ಹೊದಿಸಿ ಕಳಸ್ತಾರ. ಬಿಡಬ್ಯಾಡ. ನನ್ನ ತವರು ಜೈಲಿನಾಗೈತಿ. ಎಲ್ಲಾ ಸರಿ ಐತಿ ಅನ್ನೂಹಂಗ ನನ್ನ ಕಳಸಬ್ಯಾಡ್ರಿ."

ಮುತ್ತೈದೆ ಹೋದರೆ ಕೊನೆಯ ಸೀರೆ ತವರಿನಿಂದ ಬರಬೇಕು. ಅಪ್ಪ ಅವ್ವ ಇಲ್ಲದ ಅಕ್ಕನಿಗೆ ತವರೆಂದರೆ ಆ ಒಬ್ಬ ತಮ್ಮ. ಚಿತಾಗಾರದಲ್ಲಿ ಹಿರಿಯ ಹೆಂಗಸೊಬ್ಬರು ಕಣ್ಣೊರೆಸಿಕೊಳ್ಳುತ್ತ ಹಸಿರು ಸೀರೆ ಹಿಡಿದು ಮುಂದೆ ಬಂದರು. "ಪಾಪ, ಹಾಗೇ ಕಳಿಸಬಾರದಮ್ಮಾ."

ನಾನು ಶವಪೆಟ್ಟಿಗೆಗೆ ಅಡ್ಡ ನಿಂತೆ. "ಬೇಡ ಆಂಟಿ. ತಮ್ಮ ಬದುಕಿದ್ದಾನೆ. ಅವನೇ ತರಬೇಕಿತ್ತು, ಅವನನ್ನು ಹೊರಗೆ ಬಿಡಲಿಲ್ಲ."

ಅಕ್ಕನ ಗಂಡ ಹೌದೆಂದು ತಲೆಯಾಡಿಸಿದರು. ಅಕ್ಕ ತವರಿನ ಸೀರೆಯಿಲ್ಲದೆ ಬೆಂಕಿಗೆ ಹೋದರು. ಅಪ್ಪಣೆ ಇವತ್ತಿಗೂ ಬಂದಿಲ್ಲ.